ಸಿ ಭಾಷೆಯ ಪ್ರೋಗ್ರಾಮುಗಳ ಸ್ಥಳಾಂತರಯೋಗ್ಯತೆ

೧

ಕಂಪ್ಯೂಟರುಗಳಿಗೆ ಕೆಲಸವನ್ನು ವಿಧಿಸುವ ಭಾಷೆಗಳಲ್ಲಿ ‘ಸಿ’ ಎಂಬುದಕ್ಕೆ ವಿಶಿಷ್ಟವಾದ ಸ್ಥಾನವುಂಟು. ಬಟ್ಟೆ ಒಗೆಯುವ ಯಂತ್ರದೊಳಗಿನ ಪುಟ್ಟ ಚಿಪ್ಪಿನಿಂದ ಹಿಡಿದು ಬ್ಯಾಂಕುಗಳ ಮೇನ್‌ಫ್ರೇಮ್ ಯಂತ್ರಗಳವರೆಗೆ ಅದು ಸಲ್ಲದ ಯಂತ್ರ ವಿರಳ. ಈ ವ್ಯಾಪ್ತಿಯನ್ನು ಕಂಡವರು, ಸಿ ಭಾಷೆಯಲ್ಲಿ ಒಮ್ಮೆ ಬರೆದ ಪ್ರೋಗ್ರಾಮು ಎಲ್ಲ ಯಂತ್ರಗಳ ಮೇಲೂ ಒಂದೇ ರೀತಿಯಾಗಿ ನಡೆಯುವುದೆಂದು ಭಾವಿಸುವುದು ಸಹಜ. ಆದರೆ ಅನುಭವ ಹಾಗೆ ಹೇಳುವುದಿಲ್ಲ. ಒಂದು ಯಂತ್ರದ ಮೇಲೆ ವರ್ಷಗಟ್ಟಲೆ ನಿರ್ದೋಷವಾಗಿ ನಡೆದ ಪ್ರೋಗ್ರಾಮು ಬೇರೊಂದು ಯಂತ್ರಕ್ಕೆ ಹೋದೊಡನೆ ತಪ್ಪು ಉತ್ತರ ಕೊಡುವುದುಂಟು. ಅದೇ ಯಂತ್ರದಲ್ಲಿಯೇ ಉಳಿದು, ಕಂಪೈಲರಿನ ಹೊಸ ಆವೃತ್ತಿಯ ಕೈಗೆ ಸಿಕ್ಕಿದಾಗ ಕೆಡುವುದೂ ಉಂಟು. ನಾವು ಬರೆದ ವಾಕ್ಯಗಳನ್ನು ಯಂತ್ರದ ಆಜ್ಞೆಗಳನ್ನಾಗಿ ಪರಿವರ್ತಿಸುವ ಪ್ರೋಗ್ರಾಮಿಗೇ ಕಂಪೈಲರು ಎಂದು ಹೆಸರು.

ಇಂಗ್ಲಿಷಿನಲ್ಲಿ ‘ಪೋರ್ಟಬಿಲಿಟಿ’ ಎಂದು ಕರೆಯುವ ಗುಣವನ್ನು ಇಲ್ಲಿ ಸ್ಥಳಾಂತರಯೋಗ್ಯತೆ ಎಂದು ಕರೆಯೋಣ. ಬರೆದ ಪಾಠವನ್ನು ತಿದ್ದದೆ, ಅಥವಾ ಅತ್ಯಲ್ಪವಾಗಿ ತಿದ್ದಿ, ಬೇರೆ ಯಂತ್ರದಲ್ಲಿ ಬೇರೆ ಕಂಪೈಲರಿನ ಮೂಲಕ ಅದೇ ಫಲವನ್ನು ಪಡೆಯಲು ಸಾಧ್ಯವಾದರೆ ಆ ಪ್ರೋಗ್ರಾಮಿಗೆ ಈ ಗುಣವಿದೆ ಎನ್ನಬಹುದು. ಇದು ಭಾಷೆಯಿಂದ ತಾನಾಗಿ ಬರುವ ಗುಣವಲ್ಲ. ಭಾಷೆ ಕೊಟ್ಟ ವಚನ ಯಾವುದು, ತಮ್ಮ ಯಂತ್ರದ ವಾಡಿಕೆ ಯಾವುದು ಎಂಬ ಭೇದವನ್ನು ಬರೆಯುವವರು ಅರಿತಿದ್ದರೆ ಮಾತ್ರ ಅದು ಲಭಿಸುತ್ತದೆ. ಈ ಮಾತನ್ನು ನಿದರ್ಶನಗಳ ಮೂಲಕ ಸ್ಪಷ್ಟಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಸಿ ಭಾಷೆ ಹುಟ್ಟಿದ್ದು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ, ೧೯೭೦ರ ದಶಕದ ಆರಂಭದಲ್ಲಿ. ಅದರ ಕರ್ತೃ ಡೆನಿಸ್ ರಿಚಿ. ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ೧೯೭೩ರಲ್ಲಿ ಈ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ಅಂಥ ವ್ಯವಸ್ಥೆಗಳನ್ನು ಬಹುಮಟ್ಟಿಗೆ ಆಯಾ ಯಂತ್ರದ ಅಸೆಂಬ್ಲಿ ಭಾಷೆಯಲ್ಲಿಯೇ ಬರೆಯುತ್ತಿದ್ದ ಕಾಲದಲ್ಲಿ ಇದು ದೊಡ್ಡ ಹೆಜ್ಜೆ. ಆದರೂ ಸಿ ಭಾಷೆ ಆಗ ಮುಖ್ಯವಾಗಿ ನೆಲಸಿದ್ದುದು ಪಿ.ಡಿ.ಪಿ.-೧೧ ಎಂಬ ಒಂದೇ ಜಾತಿಯ ಯಂತ್ರದಲ್ಲಿ. ಆ ಯಂತ್ರದಲ್ಲಿ ಸಾಮಾನ್ಯ ಪೂರ್ಣಾಂಕದ ಅಳತೆ ೧೬ ಬಿಟ್. ಮೆಮೊರಿಯಲ್ಲಿ ಒಂದು ಸ್ಥಳವನ್ನು ಸೂಚಿಸುವ ವಿಳಾಸದ ಅಳತೆಯೂ ೧೬ ಬಿಟ್. ಅಳತೆಗಳು ಸಮನಾಗಿದ್ದುದರಿಂದ, ವಿಳಾಸವನ್ನು ಪೂರ್ಣಾಂಕವೆಂದೂ ಪೂರ್ಣಾಂಕವನ್ನು ವಿಳಾಸವೆಂದೂ ಮನಬಂದಂತೆ ಬಳಸುವ ಅಭ್ಯಾಸ ಬೆಳೆಯಿತು. ಅದರಿಂದ ಅಲ್ಲಿ ಯಾವ ಕೇಡೂ ಆಗುತ್ತಿರಲಿಲ್ಲ.

ಕೇಡು ಗೋಚರವಾದದ್ದು ಊರು ಬಿಟ್ಟ ಮೇಲೆ. ೧೯೭೭ರ ಸುಮಾರಿಗೆ ರಿಚಿ ಮತ್ತು ಸ್ಟೀಫನ್ ಜಾನ್ಸನ್ ಅವರು ಯೂನಿಕ್ಸನ್ನು ಇಂಟರ್‌ಡೇಟಾ ೮/೩೨ ಎಂಬ ೩೨ ಬಿಟ್‌ಗಳ ಯಂತ್ರಕ್ಕೆ ಸಾಗಿಸಿದರು. ಅದೇ ಕಾಲದಲ್ಲಿ ಆಸ್ಟ್ರೇಲಿಯದ ವೊಲಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ಅವರು ಸ್ವತಂತ್ರವಾಗಿ ಅದನ್ನು ಇಂಟರ್‌ಡೇಟಾ ೭/೩೨ ಯಂತ್ರಕ್ಕೆ ಒಯ್ದರು. ಈ ಪ್ರಯತ್ನಗಳಿಂದ ಎರಡು ಸಂಗತಿಗಳು ವಿಶದವಾದುವು. ಒಂದು ಇಡೀ ಕಾರ್ಯಾಚರಣ ವ್ಯವಸ್ಥೆಯೇ ಯಂತ್ರದಿಂದ ಯಂತ್ರಕ್ಕೆ ಹೋಗಬಲ್ಲದು ಎಂಬುದು ಮೊದಲನೆಯದು. ಹಾಗೆ ಹೋಗಬೇಕಾದರೆ ಹಳೆಯ ಯಂತ್ರದ ಸಲುಗೆಗಳನ್ನು ಹುಡುಕಿ ತೆಗೆಯಬೇಕು ಎಂಬುದು ಎರಡನೆಯದು. ಜಾನ್ಸನ್ ಅವರು ತಾವು ರಚಿಸಿದ ‘ಲಿಂಟ್’ ಎಂಬ ಪರೀಕ್ಷಕ ಪ್ರೋಗ್ರಾಮನ್ನು ಈ ಕೆಲಸಕ್ಕೆ ಬಳಸಿಕೊಂಡರು. ಭಾಷೆಯೂ ಈ ಅನುಭವದಿಂದ ಬಿಗಿಯಾಯಿತು. ಒಂದು ಜಾತಿಯ ಮೌಲ್ಯವನ್ನು ಇನ್ನೊಂದು ಜಾತಿಯದಾಗಿ ಬಳಸುವಾಗ ಅದನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಬಂದಿತು.

೧೯೭೮ರಲ್ಲಿ ಬ್ರಯಾನ್ ಕರ್ನಿಘನ್ ಮತ್ತು ರಿಚಿ ಅವರ ಗ್ರಂಥ ಪ್ರಕಟವಾಗಿ, ಹಲವು ವರ್ಷ ಅದೇ ಪ್ರಮಾಣವೆನಿಸಿತ್ತು. ಕಂಪೈಲರುಗಳು ಹೆಚ್ಚಿದಂತೆ ಪಾಠಾಂತರಗಳೂ ಹೆಚ್ಚಿದುವು. ೧೯೮೯ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವೂ, ೧೯೯೦ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಹೊರಬಂದುವು. ಅದರ ಮುಖ್ಯ ಪರಿಷ್ಕರಣಗಳು ನಡೆದದ್ದು ೧೯೯೯ರಲ್ಲಿ ಮತ್ತು ೨೦೧೧ರಲ್ಲಿ; ಇತ್ತೀಚಿನ ಆವೃತ್ತಿ ೨೦೨೪ರಲ್ಲಿ ಪ್ರಕಟವಾಗಿದೆ.

೩

ಈ ಮಾನಕವು ಪ್ರತಿಯೊಂದು ವಿಷಯದಲ್ಲಿಯೂ ಏಕರೀತಿಯ ಕಟ್ಟಳೆ ಮಾಡಿದೆಯೆಂದು ತಿಳಿಯಬಾರದು. ನಾನಾ ಯಂತ್ರಗಳಲ್ಲಿ ವೇಗವಾಗಿ ನಡೆಯಬೇಕಾದ ಭಾಷೆ ಎಲ್ಲವನ್ನೂ ಬಿಗಿಯಾಗಿ ಕಟ್ಟಿದರೆ, ಕೆಲವು ಯಂತ್ರಗಳಿಗೆ ಅದು ಹೊರೆಯಾಗುತ್ತದೆ. ಆದುದರಿಂದ ಮಾನಕವು ವಿಷಯಗಳನ್ನು ನಾಲ್ಕು ಬಗೆಯಾಗಿ ನೋಡುತ್ತದೆ.

ಕೆಲವು ಸಂಗತಿಗಳು ನಿಶ್ಚಿತವಾದುವು. ಎಲ್ಲ ಕಂಪೈಲರುಗಳೂ ಅವನ್ನು ಪಾಲಿಸಲೇಬೇಕು. ಕೆಲವನ್ನು ಕಂಪೈಲರಿನ ನಿರ್ಣಯಕ್ಕೆ ಬಿಡಲಾಗಿದೆ; ಆದರೆ ತಾನು ಏನು ನಿರ್ಣಯಿಸಿದ್ದೇನೆಂಬುದನ್ನು ಅದು ತನ್ನ ಕೈಪಿಡಿಯಲ್ಲಿ ಬರೆದು ತಿಳಿಸಬೇಕು. ಋಣಸಂಖ್ಯೆಯೊಂದನ್ನು ಬಲಕ್ಕೆ ಸರಿಸಿದರೆ ಏನಾಗುವುದೆಂಬುದು ಈ ಜಾತಿಯದು. ಇನ್ನು ಕೆಲವು ಅನುಕ್ತವಾದುವು. ಒಂದು ಕಾರ್ಯವನ್ನು ಕರೆಯುವಾಗ ಅದಕ್ಕೆ ಕೊಡುವ ಎರಡು ಪದಗಳಲ್ಲಿ ಯಾವುದನ್ನು ಮೊದಲು ಲೆಕ್ಕಹಾಕಬೇಕೆಂಬುದನ್ನು ಮಾನಕ ಹೇಳುವುದಿಲ್ಲ, ಕಂಪೈಲರೂ ಹೇಳಬೇಕಾಗಿಲ್ಲ. ನಾಲ್ಕನೆಯದು ನಿಯಮಬಾಹಿರವಾದುದು, ಪ್ರೋಗ್ರಾಮು ಅಂಥ ಕೃತ್ಯವನ್ನು ಮಾಡಿದರೆ ಮಾನಕ ಯಾವ ಭರವಸೆಯನ್ನೂ ಕೊಡುವುದಿಲ್ಲ. ಚಿಹ್ನೆಯುಳ್ಳ ಪೂರ್ಣಾಂಕ ತನ್ನ ಮಿತಿಯನ್ನು ಮೀರುವುದು, ಶೂನ್ಯ ವಿಳಾಸದಲ್ಲಿರುವುದನ್ನು ಓದುವುದು ಇವು ಈ ವರ್ಗಕ್ಕೆ ಸೇರುತ್ತವೆ.

ಕಷ್ಟವಿರುವುದು ಇಲ್ಲಿಯೇ. ಈ ನಾಲ್ಕು ವರ್ಗಗಳ ಭೇದ ಪ್ರೋಗ್ರಾಮಿನ ಮೇಲ್ನೋಟಕ್ಕೆ ಕಾಣುವುದಿಲ್ಲ. ಯಂತ್ರದ ಮೇಲೆ ನಡೆಸಿ ನೋಡಿದರೂ ಕಾಣುವುದಿಲ್ಲ. ಆ ಯಂತ್ರ ಏನನ್ನಾದರೂ ಮಾಡಿಯೇ ಮಾಡುತ್ತದೆ, ಮತ್ತು ಅದು ಸಾಮಾನ್ಯವಾಗಿ ನಾವು ನಿರೀಕ್ಷಿಸಿದ್ದೇ ಆಗಿರುತ್ತದೆ. ಹುಟ್ಟಿದ ಊರಿನಲ್ಲಿಯೇ ಇರುವವರೆಗೆ ಯಾವುದು ಆ ಊರಿನ ರೂಢಿ, ಯಾವುದು ಎಲ್ಲೆಲ್ಲಿಯೂ ಸಲ್ಲುವ ನೀತಿ ಎಂಬ ವಿವೇಚನೆಗೆ ಅವಕಾಶವೇ ಒದಗುವುದಿಲ್ಲವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪ್ರೋಗ್ರಾಮಿನ ವಿಷಯದಲ್ಲಿಯೂ ಹಾಗೆಯೇ.

೪

ಮೊದಲು ಸಂಖ್ಯೆಗಳ ಅಳತೆಯನ್ನು ತೆಗೆದುಕೊಳ್ಳೋಣ. ಸಿ ಭಾಷೆಯ ಸಾಮಾನ್ಯ ಪೂರ್ಣಾಂಕವಾದ ‘ಇಂಟ್’ ೩೨ ಬಿಟ್‌ಗಳದೆಂದು ಇಂದು ಬಹುಮಂದಿ ಹೇಳುತ್ತಾರೆ. ಮಾನಕ ಕೊಟ್ಟಿರುವ ವಚನ ಅದಲ್ಲ. ಇಂಟ್ ಕನಿಷ್ಠಪಕ್ಷ ೧೬ ಬಿಟ್‌ಗಳದಾಗಿರಬೇಕು, ‘ಲಾಂಗ್’ ಕನಿಷ್ಠ ೩೨, ‘ಲಾಂಗ್ ಲಾಂಗ್’ ಕನಿಷ್ಠ ೬೪ ಎಂಬಷ್ಟೇ ವಚನ. ೧೬ ಬಿಟ್‌ಗಳ ಇಂಟ್ ಹೊತ್ತುಕೊಳ್ಳಬಲ್ಲ ಅತಿ ದೊಡ್ಡ ಸಂಖ್ಯೆ ೩೨,೭೬೭. ಸಣ್ಣ ಚಿಪ್ಪುಗಳಲ್ಲಿ ಈ ಅಳತೆ ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ನಲವತ್ತು ಸಾವಿರವನ್ನು ಎಣಿಸಲು ಹೊರಟ ಪ್ರೋಗ್ರಾಮು ದಾರಿತಪ್ಪುತ್ತದೆ.

ಲಾಂಗ್‌ನ ವಿಷಯ ಇನ್ನೂ ಮೋಸಕರವಾದುದು. ೬೪ ಬಿಟ್‌ಗಳ ಲೈನಕ್ಸ್ ಮೊದಲಾದ ಯೂನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿ ಅದು ೬೪ ಬಿಟ್. ೬೪ ಬಿಟ್‌ಗಳ ವಿಂಡೋಸ್ ವ್ಯವಸ್ಥೆಯಲ್ಲಿ ಅದು ೩೨ ಬಿಟ್ ಮಾತ್ರ. ಎರಡೂ ಮಾನಕಕ್ಕೆ ಸಮ್ಮತವೇ. ಹೀಗಿರಲು, ಲೈನಕ್ಸಿನಲ್ಲಿ ವಿಳಾಸವೊಂದನ್ನು ಲಾಂಗ್‌ನಲ್ಲಿ ಇಟ್ಟು ತೆಗೆಯುವ ಪ್ರೋಗ್ರಾಮು ವಿಂಡೋಸಿಗೆ ಹೋದರೆ ವಿಳಾಸದ ಅರ್ಧಭಾಗವನ್ನು ಕಳೆದುಕೊಳ್ಳುತ್ತದೆ. ಪಿ.ಡಿ.ಪಿ.-೧೧ರ ಕಾಲದ ಪ್ರಮಾದವೇ ಹೊಸ ವೇಷದಲ್ಲಿ ಬಂದಂತಾಯಿತು. ನಿರ್ದಿಷ್ಟ ಅಳತೆ ಬೇಕಾದಲ್ಲಿ ಅದನ್ನು ಹೆಸರಿನಲ್ಲಿಯೇ ಹೇಳುವ ಜಾತಿಗಳನ್ನು ೧೯೯೯ರ ಆವೃತ್ತಿ ಒದಗಿಸಿಕೊಟ್ಟಿದೆ. ಅಳತೆಯೇ ಅರ್ಥವಾಗಿರುವ ಕಡೆ ಅವನ್ನು ಬಳಸುವುದು ಯುಕ್ತ.

ಅಳತೆಯ ಪ್ರಶ್ನೆ ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ ಎಂಬುದಕ್ಕೆ ಕಾಲಗಣನೆಯೇ ಸಾಕ್ಷಿ. ಯೂನಿಕ್ಸ್ ಸಂಪ್ರದಾಯದಲ್ಲಿ ೧೯೭೦ರ ಜನವರಿ ೧ರಿಂದ ಕಳೆದ ಸೆಕೆಂಡುಗಳ ಸಂಖ್ಯೆಯೇ ಕಾಲ. ಆ ಸಂಖ್ಯೆಯನ್ನು ಬಹುಕಾಲ ಚಿಹ್ನೆಯುಳ್ಳ ೩೨ ಬಿಟ್‌ಗಳಲ್ಲಿ ಇಡುತ್ತಿದ್ದರು. ಅದರ ಗರಿಷ್ಠ ಮಿತಿಯಾದ ೨,೧೪,೭೪,೮೩,೬೪೭ ಸೆಕೆಂಡುಗಳು ತುಂಬುವುದು ೨೦೩೮ರ ಜನವರಿ ೧೯ರಂದು, ಭಾರತೀಯ ಕಾಲಮಾನದ ಪ್ರಕಾರ ಬೆಳಿಗ್ಗೆ ೮ ಗಂಟೆ ೪೪ ನಿಮಿಷ ೭ ಸೆಕೆಂಡಿಗೆ. ಮರುಕ್ಷಣವೇ ಅಂಥ ಗಡಿಯಾರ ೧೯೦೧ರ ಡಿಸೆಂಬರಿಗೆ ಹಿಂದಿರುಗಬಹುದು. ಹೊಸ ವ್ಯವಸ್ಥೆಗಳು ಕಾಲವನ್ನು ೬೪ ಬಿಟ್‌ಗಳಲ್ಲಿ ಇಡುತ್ತವೆ. ಆದರೆ ಕಾಲವನ್ನು ನಾಲ್ಕೇ ಬೈಟುಗಳೆಂದು ನಂಬಿ ರಚಿಸಿದ ಕಡತಗಳೂ, ಅದನ್ನು ಇಂಟ್‌ನಲ್ಲಿ ಇಟ್ಟುಕೊಂಡ ಪ್ರೋಗ್ರಾಮುಗಳೂ, ಬರಿಯ ಮರುಕಂಪೈಲಿನಿಂದ ಸರಿಹೋಗುವುದಿಲ್ಲ. ಕಾಲದ ಜಾತಿಯ ಅಳತೆಯೇನೆಂದು ಸಿ ಮಾನಕ ಎಂದೂ ಹೇಳಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಅಳತೆಯನ್ನು ನಂಬಿದವರು ವಾಡಿಕೆಯನ್ನು ನಂಬಿದರೇ ಹೊರತು ವಚನವನ್ನಲ್ಲ.

೫

ಎರಡನೆಯದು ಅಕ್ಷರಗಳ ವಿಷಯ. ಕನ್ನಡಿಗರಿಗೆ ಇದು ನೇರವಾಗಿ ಸಂಬಂಧಪಟ್ಟದ್ದು. ಸಿ ಭಾಷೆಯಲ್ಲಿ ಅಕ್ಷರವೊಂದನ್ನು ಇಡುವ ಜಾತಿಗೆ ‘ಚಾರ್’ ಎಂದು ಹೆಸರು. ಅದು ಒಂದು ಬೈಟು. ಆ ಬೈಟಿನಲ್ಲಿರುವ ಸಂಖ್ಯೆಗೆ ಋಣಚಿಹ್ನೆ ಸಾಧ್ಯವೇ ಅಲ್ಲವೇ ಎಂಬುದನ್ನು ಮಾನಕವು ಕಂಪೈಲರಿನ ನಿರ್ಣಯಕ್ಕೆ ಬಿಟ್ಟಿದೆ. ಇಂಟೆಲ್ ಜಾತಿಯ ಯಂತ್ರಗಳಲ್ಲಿ ಚಾರ್ ಸಾಮಾನ್ಯವಾಗಿ -೧೨೮ರಿಂದ ೧೨೭ರವರೆಗೆ, ಎ.ಆರ್.ಎಂ. ಯಂತ್ರಗಳ ಲೈನಕ್ಸಿನಲ್ಲಿ ೦ಯಿಂದ ೨೫೫ರವರೆಗೆ. ಇಂಗ್ಲಿಷಿನ ಸಾಮಾನ್ಯ ಅಕ್ಷರಗಳ ಸಂಕೇತಗಳು ೧೨೭ನ್ನು ದಾಟುವುದಿಲ್ಲ. ಆದುದರಿಂದ ಇಂಗ್ಲಿಷಿನಲ್ಲಿಯೇ ಪರೀಕ್ಷೆ ನಡೆಸುವವರಿಗೆ ಈ ಭೇದ ಕಾಣುವುದೇ ಇಲ್ಲ.

ಕನ್ನಡದ ಸಂಗತಿ ಬೇರೆ. ಯೂನಿಕೋಡಿನ ಯು.ಟಿ.ಎಫ್.-೮ ಪದ್ಧತಿಯಲ್ಲಿ ‘ಕ’ ಎಂಬ ಅಕ್ಷರ ೨೨೪, ೧೭೮, ೧೪೯ ಎಂಬ ಮೂರು ಬೈಟುಗಳಾಗುತ್ತದೆ. ಚಿಹ್ನೆಯುಳ್ಳ ಚಾರ್‌ನಲ್ಲಿ ಇಟ್ಟರೆ ಇವೇ -೩೨, -೭೮, -೧೦೭ ಎಂದು ತೋರುತ್ತವೆ. ಇವನ್ನು ಹಾಗೆಯೇ ಒಂದು ಕೋಷ್ಟಕದ ಮನೆಗಳ ಸಂಖ್ಯೆಯೆಂದು ಬಳಸಿದರೆ, ಪ್ರೋಗ್ರಾಮು ಕೋಷ್ಟಕದ ಆರಂಭಕ್ಕೂ ಹಿಂದೆ ಹೋಗಿ ಯಾವುದೋ ಮೆಮೊರಿಯನ್ನು ಓದುತ್ತದೆ. ಇದು ಅಕ್ಷರವೇ, ಅಂಕಿಯೇ ಎಂದು ಕೇಳುವ ಸಿ ಭಾಷೆಯ ಸಿದ್ಧ ಕಾರ್ಯಗಳಿಗೂ ಇಂಥ ಋಣಸಂಖ್ಯೆಯನ್ನು ಕೊಡುವುದು ನಿಯಮಬಾಹಿರ. ಪರಿಹಾರ ಸುಲಭ: ಕೊಡುವ ಮುನ್ನ ಅದನ್ನು ಚಿಹ್ನೆಯಿಲ್ಲದ ಚಾರ್ ಆಗಿ ಮಾರ್ಪಡಿಸಬೇಕು. ಇಂಗ್ಲಿಷ್ ಪಠ್ಯದಲ್ಲಿ ಸುಗಮವಾಗಿ ನಡೆದ ಪ್ರೋಗ್ರಾಮು ಕನ್ನಡದ ಮೊದಲ ಅಕ್ಷರಕ್ಕೇ ಮುಗ್ಗರಿಸಿದರೆ, ಲಿಪಿ ಜಟಿಲವೆಂದು ದೂರುವ ಮುನ್ನ ಈ ಒಂದು ಮಾರ್ಪಾಡು ನಡೆದಿದೆಯೇ ಎಂದು ನೋಡುವುದು ಲೇಸು.

ಬೈಟುಗಳ ಎಣಿಕೆಯೂ ಅಕ್ಷರಗಳ ಎಣಿಕೆಯೂ ಒಂದೇ ಎಂಬುದು ಇದಕ್ಕೆ ಸಮೀಪದ ಇನ್ನೊಂದು ಭ್ರಮೆ. ‘ಕನ್ನಡ’ ಎಂಬ ಪದದಲ್ಲಿ ನಾವು ಎಣಿಸುವ ಅಕ್ಷರಗಳು ಮೂರು, ಯೂನಿಕೋಡಿನ ಸಂಕೇತಗಳು ಐದು, ಯು.ಟಿ.ಎಫ್.-೮ರ ಬೈಟುಗಳು ಹದಿನೈದು. ಸಿ ಭಾಷೆಯ ಉದ್ದ ಅಳೆಯುವ ಕಾರ್ಯ ಹದಿನೈದು ಎನ್ನುತ್ತದೆ. ಹತ್ತು ಬೈಟಿಗೆ ಕತ್ತರಿಸಿದರೆ ಪದ ಒಂದು ಸಂಕೇತದ ನಡುವೆಯೇ ತುಂಡಾಗುತ್ತದೆ.

ಇಂಟೆಲ್ ಯಂತ್ರದಲ್ಲಿ ಸರಿಯಾಗಿ ನಡೆದು ಎ.ಆರ್.ಎಂ. ಯಂತ್ರದಲ್ಲಿ ಕೆಡುವ ಪ್ರೋಗ್ರಾಮುಗಳೂ ಉಂಟು. ಕಡತ ಮುಗಿಯಿತೆಂದು ತಿಳಿಸಲು ಅಕ್ಷರ ಓದುವ ಕಾರ್ಯ ಸಾಮಾನ್ಯವಾಗಿ -೧ ಎಂಬ ಸಂಖ್ಯೆಯನ್ನು ಕೊಡುತ್ತದೆ. ಆ ಫಲವನ್ನು ಇಂಟ್‌ನಲ್ಲಿ ಇಡಬೇಕೆಂಬುದು ನಿಯಮ. ಅದನ್ನು ಚಾರ್‌ನಲ್ಲಿ ಇಟ್ಟು, ಆ ಚಾರ್ ಚಿಹ್ನೆಯಿಲ್ಲದ್ದಾದರೆ, -೧ ಎಂಬುದು ೨೫೫ ಆಗುತ್ತದೆ. ಅದು ಎಂದಿಗೂ -೧ಕ್ಕೆ ಸಮನಾಗದು. ಪ್ರೋಗ್ರಾಮು ಕೊನೆಯಿಲ್ಲದೆ ಸುತ್ತುತ್ತಿರುತ್ತದೆ. ಚಿಹ್ನೆಯುಳ್ಳ ಚಾರ್ ಆದರೂ ದೋಷ ತಪ್ಪಿದ್ದಲ್ಲ. ಚಿತ್ರದ ಕಡತದಲ್ಲಿ ೨೫೫ ಎಂಬ ನಿಜವಾದ ಬೈಟು ಬಂದರೆ ಅದನ್ನೇ ಮುಕ್ತಾಯವೆಂದು ತಿಳಿದು ಪ್ರೋಗ್ರಾಮು ನಡುವೆಯೇ ನಿಲ್ಲುತ್ತದೆ.

ಅಂಕಿಗಳಿಗೂ ಅಕ್ಷರಗಳಿಗೂ ಮಾನಕ ಮಾಡಿರುವ ಭೇದವನ್ನೂ ಇಲ್ಲಿಯೇ ಹೇಳಬಹುದು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳ ಸಂಕೇತಗಳು ಒಂದರ ಪಕ್ಕದಲ್ಲೊಂದು ಬರಬೇಕೆಂಬುದು ವಚನ. ಇಂಗ್ಲಿಷಿನ ‘ಎ’ಯಿಂದ ‘ಝಡ್’ವರೆಗಿನ ಅಕ್ಷರಗಳಿಗೆ ಅಂಥ ವಚನವಿಲ್ಲ. ಐ.ಬಿ.ಎಂ. ಮೇನ್‌ಫ್ರೇಮುಗಳ ಎಬ್ಸಿಡಿಕ್ ಸಂಕೇತದಲ್ಲಿ ‘ಐ’ಗೂ ‘ಜೆ’ಗೂ ನಡುವೆ ತೆರಪಿದೆ.

೬

ಮೂರನೆಯದು ಬೈಟುಗಳ ಕ್ರಮ. ‘೫-೬’ ಎಂದು ಬರೆದ ದಿನಾಂಕ ನಮಗೆ ಜೂನ್ ಐದು, ಅಮೆರಿಕದವರಿಗೆ ಮೇ ಆರು. ಯಂತ್ರಗಳಲ್ಲಿಯೂ ಇಂಥದೇ ಭೇದವಿದೆ. ೨೫೮ ಎಂಬ ಸಂಖ್ಯೆಯನ್ನು ಎರಡು ಬೈಟುಗಳಲ್ಲಿ ಇಡುವಾಗ, ೨೫೬ರ ಮನೆಯಲ್ಲಿ ೧, ಬಿಡಿಯ ಮನೆಯಲ್ಲಿ ೨. ಕೆಲವು ಯಂತ್ರಗಳು ದೊಡ್ಡ ಮನೆಯನ್ನು ಮೊದಲಿಗಿಟ್ಟು ೧, ೨ ಎಂದು ಬರೆಯುತ್ತವೆ. ಮೋಟರೋಲಾ ೬೮೦೦೦ ಮತ್ತು ಐ.ಬಿ.ಎಂ. ಮೇನ್‌ಫ್ರೇಮುಗಳು ಈ ಪಂಗಡದವು. ಪಿ.ಡಿ.ಪಿ.-೧೧ ಮತ್ತು ಇಂಟೆಲ್ ಯಂತ್ರಗಳು ಬಿಡಿಯನ್ನು ಮೊದಲಿಗಿಟ್ಟು ೨, ೧ ಎಂದು ಬರೆಯುತ್ತವೆ. ಒಂದು ಪಂಗಡ ಬರೆದುದನ್ನು ಇನ್ನೊಂದು ಓದಿದರೆ ೨೫೮ ಹೋಗಿ ೫೧೩ ಆಗುತ್ತದೆ. ಇದೇ ಕಾರಣದಿಂದ ಎರಡೆರಡು ಬೈಟುಗಳು ಅದಲುಬದಲಾಗಿ ‘ಯುನಿಕ್ಸ್’ ಎಂಬ ಇಂಗ್ಲಿಷ್ ಅಕ್ಷರಗಳು ‘ನುಕ್ಸಿ’ ಆಗುವ ತೊಂದರೆಗೆ ‘ನುಕ್ಸಿ ಸಮಸ್ಯೆ’ ಎಂಬ ಹೆಸರೇ ಬಿದ್ದಿದೆ. ೧೯೮೦ರಲ್ಲಿ ಡ್ಯಾನಿ ಕೋಹೆನ್ ಅವರು ಈ ವಿವಾದವನ್ನು ಕುರಿತು ಬರೆದ ಲೇಖನದಲ್ಲಿ, ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡಿದ ಗಲಿವರನ ಕಥೆಯ ಪಂಗಡಗಳ ಹೆಸರನ್ನೇ ಈ ಎರಡು ಪಕ್ಷಗಳಿಗೆ ಕೊಟ್ಟರು. ಆ ಹೆಸರುಗಳೇ ಉಳಿದಿವೆ.

ಇದರ ಜೊತೆಗೆ ತೆರಪುಗಳ ಪ್ರಶ್ನೆಯೂ ಇದೆ. ಒಂದು ಬೈಟಿನ ಅಕ್ಷರವನ್ನೂ ನಾಲ್ಕು ಬೈಟಿನ ಸಂಖ್ಯೆಯನ್ನೂ ಒಂದೇ ಕಟ್ಟಿನಲ್ಲಿ ಸೇರಿಸಿದರೆ ಐದು ಬೈಟು ಸಾಕು. ಆದರೆ ಬಹುತೇಕ ಕಂಪೈಲರುಗಳು ಸಂಖ್ಯೆಯನ್ನು ನಾಲ್ಕರ ಗಡಿಯಲ್ಲಿ ಕೂರಿಸಲು ಮೂರು ಬೈಟು ತೆರಪು ಬಿಟ್ಟು ಎಂಟು ಬೈಟು ಮಾಡುತ್ತವೆ. ೬೮೦೦೦ ಜಾತಿಯ ಯಂತ್ರದ ಲೈನಕ್ಸಿನಲ್ಲಿ ಅದೇ ಕಟ್ಟು ಆರು ಬೈಟು. ಆದುದರಿಂದ ಮೆಮೊರಿಯಲ್ಲಿದ್ದ ಕಟ್ಟನ್ನು ಹಾಗೆಯೇ ಕಡತಕ್ಕೆ ಸುರಿಯುವುದು ತಪ್ಪು. ಕಡತದ ಕ್ರಮವನ್ನು ಮೊದಲೇ ಗೊತ್ತುಮಾಡಿ, ಒಂದೊಂದು ಬೈಟನ್ನೂ ಅದರ ಮನೆಯ ಬೆಲೆಗೆ ಅನುಸಾರವಾಗಿ ಬರೆದು, ಹಾಗೆಯೇ ಓದಬೇಕು. ಮೊದಲನೆಯ ಬೈಟನ್ನು ೨೫೬ರಿಂದ ಗುಣಿಸಿ ಎರಡನೆಯದನ್ನು ಕೂಡಿಸಿದರೆ, ಯಂತ್ರ ಯಾವ ಪಂಗಡದ್ದಾದರೂ ೨೫೮ ಎಂಬ ಉತ್ತರವೇ ಬರುತ್ತದೆ. ಈ ವಿಧಾನದಲ್ಲಿ ಯಂತ್ರದ ಪಂಗಡವನ್ನು ವಿಚಾರಿಸುವ ಅಗತ್ಯವೇ ಇಲ್ಲ.

೭

ಇದುವರೆಗೆ ಹೇಳಿದ್ದು ಯಂತ್ರಗಳ ಭೇದ. ಯಂತ್ರ ಒಂದೇ ಆಗಿದ್ದು ಕಂಪೈಲರು ಮಾತ್ರ ಬದಲಾದಾಗಲೂ ಅನರ್ಥವಾಗಬಹುದು. ನಿಯಮಬಾಹಿರ ಕೃತ್ಯ ಪ್ರೋಗ್ರಾಮಿನಲ್ಲಿ ಎಂದೂ ನಡೆಯುವುದಿಲ್ಲವೆಂದು ಭಾವಿಸಿಕೊಳ್ಳುವ ಹಕ್ಕು ಕಂಪೈಲರಿಗಿದೆ. ವೇಗ ಹೆಚ್ಚಿಸುವ ಸಲುವಾಗಿ ಇಂದಿನ ಕಂಪೈಲರುಗಳು ಆ ಹಕ್ಕನ್ನು ಪೂರ್ಣವಾಗಿ ಬಳಸುತ್ತವೆ. ಒಂದು ಸಂಖ್ಯೆಗೆ ಒಂದನ್ನು ಕೂಡಿಸಿದರೆ ಅದು ಮೊದಲಿಗಿಂತ ಚಿಕ್ಕದಾಯಿತೇ ಎಂದು ಕೇಳಿ, ಮಿತಿ ಮೀರಿದ್ದನ್ನು ಪತ್ತೆಮಾಡುವ ಹಳೆಯ ಉಪಾಯವೊಂದಿದೆ. ಚಿಹ್ನೆಯುಳ್ಳ ಸಂಖ್ಯೆ ಮಿತಿ ಮೀರುವುದೇ ಇಲ್ಲವೆಂದು ನಂಬಿದ ಕಂಪೈಲರು, ಈ ಪ್ರಶ್ನೆಗೆ ಉತ್ತರ ಯಾವಾಗಲೂ ‘ಇಲ್ಲ’ ಎಂದೇ ಎಂದು ತೀರ್ಮಾನಿಸಿ, ಪರೀಕ್ಷೆಯನ್ನೇ ತೆಗೆದುಹಾಕಬಹುದು.

ಇದರ ಪ್ರಸಿದ್ಧ ನಿದರ್ಶನ ೨೦೦೯ರಲ್ಲಿ ಲೈನಕ್ಸ್ ಕರ್ನೆಲಿನಲ್ಲಿ ದೊರೆಯಿತು. ಅದರ ಜಾಲಸಂಬಂಧದ ಒಂದು ಭಾಗದಲ್ಲಿ, ವಿಳಾಸವೊಂದರಿಂದ ಮಾಹಿತಿಯನ್ನು ಮೊದಲು ಓದಿ, ಆಮೇಲೆ ಆ ವಿಳಾಸ ಶೂನ್ಯವೇ ಎಂದು ಪರೀಕ್ಷಿಸಲಾಗಿತ್ತು. ಓದಿದ ಮೇಲೆ ವಿಳಾಸ ಶೂನ್ಯವಾಗಿರಲಾರದೆಂದು ಕಂಪೈಲರು ತರ್ಕಿಸಿ, ಪರೀಕ್ಷೆಯನ್ನು ಅಳಿಸಿಹಾಕಿತು. ಶೂನ್ಯ ವಿಳಾಸದಲ್ಲಿ ತಮ್ಮ ಮಾಹಿತಿಯನ್ನು ಇಟ್ಟು ವ್ಯವಸ್ಥೆಯ ಅಧಿಕಾರವನ್ನೇ ಕಸಿದುಕೊಳ್ಳಲು ಇದರಿಂದ ದಾರಿಯಾಯಿತು. ಕಾವಲು ಪಾಠದಲ್ಲಿ ಇತ್ತು. ನಡೆಯುವ ಯಂತ್ರದಲ್ಲಿ ಇರಲಿಲ್ಲ. ತಪ್ಪು ಕಂಪೈಲರಿನದೇ ಎಂದು ಹೇಳಲು ಬರುವಂತಿಲ್ಲ. ಎರಡು ವಾಕ್ಯಗಳ ಕ್ರಮ ತಲೆಕೆಳಗಾಗಿತ್ತು. ಅದನ್ನು ತಿದ್ದಿದ್ದಲ್ಲದೆ, ಇಂಥ ಪರೀಕ್ಷೆಗಳನ್ನು ಅಳಿಸಕೂಡದೆಂದು ಕಂಪೈಲರಿಗೆ ಆಜ್ಞಾಪಿಸುವ ಪದ್ಧತಿಯನ್ನೂ ಕರ್ನೆಲಿನವರು ಅನುಸರಿಸಿದರು.

೮

ಇನ್ನು ಮಾಡತಕ್ಕದ್ದೇನು? ಪ್ರತಿಯೊಂದು ಯಂತ್ರಕ್ಕೂ ಒಂದೊಂದು ‘ಹೀಗಿದ್ದರೆ ಹೀಗೆ’ ಎಂಬ ಷರತ್ತನ್ನು ಪಾಠದ ತುಂಬ ಹೆಣೆಯುವುದು ಎಲ್ಲರಿಗೂ ಮೊದಲು ತೋಚುವ ಮಾರ್ಗ. ‘ಸಿ ನ್ಯೂಸ್’ ಎಂಬ ತಂತ್ರಾಂಶವನ್ನು ಹಲವು ಯಂತ್ರಗಳಿಗೆ ಒಯ್ದ ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕಾಲ್ಯರ್ ಅವರು ೧೯೯೨ರಲ್ಲಿ ತಮ್ಮ ಅನುಭವವನ್ನು ಬರೆಯುತ್ತ, ಈ ಮಾರ್ಗದಿಂದ ಪಾಠ ಓದಲಾಗದಂತಾಗಿ ದೋಷಗಳು ಅಡಗಿಕೊಳ್ಳುತ್ತವೆಂದು ತೋರಿಸಿದರು. ಭೇದಗಳನ್ನೆಲ್ಲ ಒಂದು ಚಿಕ್ಕ ಭಾಗದಲ್ಲಿ ಕೂಡಿಹಾಕಿ, ಉಳಿದ ಪ್ರೋಗ್ರಾಮಿಗೆ ಅವುಗಳ ಸುಳಿವೇ ಸಿಗದಂತೆ ಮಾಡುವುದು ಉತ್ತಮ.

ಊಹೆಯನ್ನು ಬಿಡಲು ಸಾಧ್ಯವೇ ಇಲ್ಲದಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ‘ಇಲ್ಲಿ ಇಂಟ್ ನಾಲ್ಕು ಬೈಟೆಂದು ನಂಬಲಾಗಿದೆ’ ಎಂಬುದನ್ನು ಕಂಪೈಲಾಗುವಾಗಲೇ ಪರೀಕ್ಷಿಸುವ ಸಾಧನವನ್ನು ೨೦೧೧ರ ಆವೃತ್ತಿ ಕೊಟ್ಟಿದೆ. ಹೊಂದದ ಯಂತ್ರದಲ್ಲಿ ಪ್ರೋಗ್ರಾಮು ಮೌನವಾಗಿ ತಪ್ಪುವುದಕ್ಕಿಂತ, ಹುಟ್ಟದೆ ನಿಲ್ಲುವುದೇ ಮೇಲು. ಕನಿಷ್ಠ ಎರಡು ಕಂಪೈಲರುಗಳಿಂದ, ಎಲ್ಲ ಎಚ್ಚರಿಕೆಗಳನ್ನೂ ಕೇಳಿ ಪಡೆದು, ಕಂಪೈಲು ಮಾಡಬೇಕು. ಜಿ.ಸಿ.ಸಿ. ಮತ್ತು ಕ್ಲ್ಯಾಂಗ್ ಎರಡರಲ್ಲಿಯೂ ನಿಯಮಬಾಹಿರ ಕೃತ್ಯಗಳನ್ನು ನಡೆಯುವಾಗಲೇ ಹಿಡಿದು ತೋರಿಸುವ ಸೌಲಭ್ಯವಿದೆ. ಬೇರೆ ಪಂಗಡದ ಯಂತ್ರ ಕೈಯಲ್ಲಿಲ್ಲದಿದ್ದರೆ, ಅದನ್ನು ಅನುಕರಿಸುವ ಕ್ಯೂಎಮು ಮುಂತಾದ ತಂತ್ರಾಂಶಗಳ ಮೇಲೆ ನಡೆಸಿ ನೋಡಬಹುದು. ಪರೀಕ್ಷೆಯ ಪಠ್ಯಗಳಲ್ಲಿ ಕನ್ನಡವೂ ಇರಲಿ. ಇಂಗ್ಲಿಷಿನಲ್ಲಿ ಅಡಗಿದ್ದ ದೋಷಗಳನ್ನು ಅದು ಹೊರಗೆಳೆಯುತ್ತದೆ.

ಎಲ್ಲವನ್ನೂ ಸ್ಥಳಾಂತರಯೋಗ್ಯವಾಗಿ ಮಾಡಬೇಕೆಂದೇನೂ ಇಲ್ಲ. ಒಂದೇ ಚಿಪ್ಪಿಗಾಗಿ ಬರೆದ ನಾಲ್ಕು ಸಾಲುಗಳು ಆ ಚಿಪ್ಪಿನ ವಾಡಿಕೆಯನ್ನು ಅವಲಂಬಿಸಿದರೆ ದೋಷವಿಲ್ಲ. ಅವಲಂಬಿಸಿದ್ದೇವೆಂಬುದು ಬರೆದವರಿಗೆ ತಿಳಿದಿದ್ದು, ಓದುವವರಿಗೆ ತಿಳಿಯುವಂತಿದ್ದರೆ ಸಾಕು. ಅರಿಯದೆ ಅವಲಂಬಿಸುವುದೇ ಅಪಾಯ. ಬರೆದವರು ಕೆಲಸ ಬಿಟ್ಟು ಹೋಗಬಹುದು, ಯಂತ್ರ ಗುಜರಿಗೆ ಹೋಗಬಹುದು. ಪ್ರೋಗ್ರಾಮಾದರೋ ಅವರಿಬ್ಬರಿಗಿಂತಲೂ ಹೆಚ್ಚು ಕಾಲ ಬಾಳುವುದುಂಟು. ೨೦೩೮ರ ಜನವರಿಯಲ್ಲಿ ಹಳೆಯ ಗಡಿಯಾರಗಳನ್ನು ತಿದ್ದಲು ಕೂರುವವರು ಇಂದು ಬರೆಯುತ್ತಿರುವವರೇ ಆಗಿರಲಾರರು. ಅವರ ಕೈಗೆ ಪಾಠವೊಂದೇ ಸಿಗುತ್ತದೆ. ಅದರಲ್ಲಿ ವಚನ ಯಾವುದು, ವಾಡಿಕೆ ಯಾವುದು ಎಂಬುದು ಸ್ಪಷ್ಟವಾಗಿದ್ದರೆ ಅವರ ಕೆಲಸ ಸಾಧ್ಯವಾಗುತ್ತದೆ.